ನೆರೆಗಿವಿ ತೆರೆದ ದಿನ

ಗದಗ, ಕಪ್ಪತಗುಡ್ಡದ ದಿಕ್ಕಿನ ನಿಂತೋಣಿ
೨೧೯೪ನೆಯ ಇಸವಿ, ಫೆಬ್ರುವರಿ ೩೦

ನಮಗಿಂತ ಮೊದಲು ಬಾಳಿದವರಿಗೆ ರಾಚವ್ವ ಹೂಗಾರಳ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತ ಎನಿಸಿದರೆ ಮನ್ನಿಸಬೇಕು. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಲ್ಲಿ ಓದಿದ್ದೇನೆ, ಯಾರ ಬಾಯಲ್ಲೂ ಕೇಳಿಲ್ಲ. ನಿಮ್ಮಲ್ಲಿ ಯಾರೋ ಮಾಡಿದ ಒಂದು ಉಪಕಾರ ನನ್ನ ಮನೆಯವರೆಗೆ ಬಂದು ಮುಟ್ಟಿತು. ಅದನ್ನು ತಿಳಿಸಬೇಕೆಂದೇ ಈ ಪತ್ರ.

ನಿಂತೋಣಿ ಎಂದರೆ ಮನೆಗಳು ಅಕ್ಕಪಕ್ಕಕ್ಕೆ ಹಬ್ಬದೆ ಒಂದರ ತಲೆಯ ಮೇಲೊಂದು ನಿಂತಿರುವ ಓಣಿ. ಮೇಲಿನ ಮನೆಯಲ್ಲಿ ರೊಟ್ಟಿ ಬಡಿದರೆ ಕೆಳಗಿನ ಮನೆಯವರಿಗೆ ಹಸಿವಾಗುತ್ತದೆ. ಮಾಳಿಗೆಯ ಮೇಲೆ ಎಲ್ಲರ ಮೆಣಸಿನಕಾಯಿಯೂ ಒಂದೇ ಕಡೆ ಒಣಗುತ್ತದೆ, ಯಾರದು ಯಾವುದೆಂಬ ಜಗಳವೂ ವರ್ಷಕ್ಕೊಮ್ಮೆ ತಪ್ಪದು. ಪ್ರತಿ ಮನೆಯ ಗೋಡೆಯಲ್ಲಿ ಅಲೆಗೂಡು ಎಂಬ ಪೆಟ್ಟಿಗೆ ಇರುತ್ತದೆ. ನಿಮ್ಮ ಕಾಲದ ಮೊಬೈಲ್ ಟವರಿನ ಮರಿ ಅದು. ಮನೆಯೊಳಗಿನ ಮಾತು, ಕೆಲಸ, ಪಾಠ ಎಲ್ಲವೂ ಅದರ ಮೂಲಕವೇ ನಡೆಯುತ್ತವೆ. ನನಗೆ ಅದು ಇನ್ನೂ ಹೆಚ್ಚಿನದು. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಕಿವಿ ಹೋಯಿತು. ಈಗ ಕಿವಿಯೊಳಗೆ ಒಂದು ಮಣಿ ಇದೆ. ಮನೆಯ ಸದ್ದನ್ನು ಗೋಡೆಯ ಮೈಕುಗಳು ಹಿಡಿಯುತ್ತವೆ, ಅಲೆಗೂಡು ಅದನ್ನು ಕಿವಿಮಣಿಗೆ ತಂದುಕೊಡುತ್ತದೆ. ಅಲೆ ತಪ್ಪಿದರೆ ನನ್ನ ಪಾಲಿಗೆ ಲೋಕ ಮೂಕವಾಗುತ್ತದೆ.

ನನ್ನ ಮಗಳು ಮುಕ್ತಾ ಮಾತು ಕಲಿಯುತ್ತಿದ್ದ ವರ್ಷ ಅಲೆ ತಪ್ಪತೊಡಗಿತು. ಅವಳು ಬಾಯಿ ತೆರೆದರೆ ಅರ್ಧ ಮಾತು ಬರುತ್ತಿತ್ತು, ಉಳಿದರ್ಧ ಕೊರಕೊರ ಸದ್ದು. ಅವಳ ತುಟಿ ನೋಡಿ ಊಹಿಸುತ್ತಿದ್ದೆ. ಆದರೆ ಮಾತು ಕಲಿಯುವ ಮಗುವಿನ ತುಟಿ ಓದುವುದು ಹೇಗೆ? ನನ್ನಿಂದ ಉತ್ತರ ಬಾರದೆ ಅವಳು ಸಿಟ್ಟಾಗಿ, ಕೊನೆಗೆ ನನ್ನ ಬಳಿ ಮಾತಾಡುವುದನ್ನೇ ಬಿಟ್ಟು ಸೆರಗು ಹಿಡಿದು ಎಳೆಯತೊಡಗಿದಳು. ಅದು ನನ್ನನ್ನು ತುಂಬ ನೋಯಿಸಿತು.

ಒಂದು ಮಧ್ಯಾಹ್ನ ನಾನು ಒಲೆಯ ಮುಂದಿದ್ದೆ. ಹಿಂದಿನಿಂದ ಯಾರೋ ಭುಜ ಹಿಡಿದು ಅಲುಗಿಸಿದರು. ತಿರುಗಿದರೆ ಮೇಲಿನ ಮನೆಯ ಫಕೀರಗೌಡರು, ಅವರ ಕಂಕುಳಲ್ಲಿ ಅಳುತ್ತಿರುವ ಮುಕ್ತಾ. ಬಾಗಿಲ ಸಂದಿಗೆ ಬೆರಳು ಸಿಕ್ಕಿ ಕೂಗಿಕೊಂಡಿದ್ದಳಂತೆ. ಮೇಲಿನವರಿಗೆ ಕೇಳಿಸಿತ್ತು, ಕೈಯಳತೆಯಲ್ಲಿದ್ದ ನನಗೆ ಕೇಳಿಸಿರಲಿಲ್ಲ.

"ಅಷ್ಟು ಚೀರತೈತಿ ಕೂಸು, ಎಲ್ಲಿತ್ತವ್ವಾ ನಿನ್ನ ಲಕ್ಷ್ಯ?" ಅವರ ತುಟಿಯನ್ನೂ ಮುಖದ ಸಿಟ್ಟನ್ನೂ ನೋಡಿ ಮಾತು ತಿಳಿಯಿತು.

"ಕೇಳಿಸ್ಲಿಲ್ರೀ ಗೌಡ್ರ. ನಿಮ್ಮ ಅಲೆಗೂಡು ಜೋರಾದಾಗಿಂದ ನನ್ನ ಮಣಿ ಹಿಡೀವಲ್ದು."

ಅವರು ಕೂಸನ್ನು ನನ್ನ ಕೈಗೆ ಕೊಟ್ಟರು. ಅವರೇನು ದುಷ್ಟರಲ್ಲ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಮನೆಯಲ್ಲೇ ಕುಳಿತು ತಿರುಗಿಸುವುದು, ನಿಲ್ಲಿಸುವುದು ಅವರ ಕೆಲಸ. ರಿಪೇರಿಗೆಂದು ಜನ ಕಂಬ ಹತ್ತಿದಾಗ ಅವರ ಆಜ್ಞೆ ನಡುದಾರಿಯಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ಪಕ್ಕದವರ ಅಲೆ ನುಗ್ಗಿದಾಗ ಇವರು ತಮ್ಮ ಅಲೆಗೂಡಿನ ಜೋರು ಏರಿಸಿದರು. ಇವರದು ಏರಿತೆಂದು ಮತ್ತೊಬ್ಬರು ಏರಿಸಿದರು. ಹೀಗೆ ಇಡೀ ಓಣಿ ಒಬ್ಬರ ಮೇಲೊಬ್ಬರು ಕೂಗುವ ಸಂತೆಯಾಗಿತ್ತು.

ಗೌಡರು ಆ ಸಂಜೆಯೇ ತಮ್ಮದನ್ನು ಇಳಿಸಿದರು. ಮರುದಿನ ಮುಖ ಬಾಡಿಸಿಕೊಂಡು ಬಂದರು. "ನಾ ಒಬ್ಬಾಂವ ಇಳಿಸಿದ್ರ ನಡ್ಯಾಂಗಿಲ್ಲವ್ವಾ. ಗುಡ್ಡದಾಗಿನ ಫ್ಯಾನು ನಿಲ್ಲು ಅಂದ್ರ ಎಷ್ಟೊತ್ತಾದ್ರೂ ನಿಲ್ಲಲಿಲ್ಲ. ಪುಣ್ಯಾಕ ಮ್ಯಾಲೆ ಯಾರೂ ಇದ್ದಿಲ್ಲ." ಅಲೆಗೂಡಿನ ಕಾರ್ಖಾನೆಗೂ ಅವರು ಫೋನ್ ಮಾಡಿದ್ದರು. ಅಲ್ಲಿನ ಹೆಣ್ಣುಮಗಳು ಕೇಳಿದ್ದು ಒಂದೇ ಪ್ರಶ್ನೆ: "ನೆರೆಗಿವಿ ಯಾಕೆ ಮುಚ್ಚಿದ್ದೀರಿ?"

ನೆರೆಗಿವಿ ಎಂದರೆ ಅಲೆಗೂಡಿಗಿರುವ ಕೇಳುವ ಗುಣ. ತೆರೆದಿದ್ದರೆ ಅದು ಮಾತಾಡುವ ಮೊದಲು ಸುತ್ತಲಿನ ಗೂಡುಗಳನ್ನು ಆಲಿಸುತ್ತದೆ, ತನ್ನ ಮನೆಗೆ ಸಾಕಾಗುವಷ್ಟಕ್ಕೆ ದನಿ ತಗ್ಗಿಸುತ್ತದೆ, ಇಬ್ಬರೂ ಒಂದೇ ದಾರಿಯಲ್ಲಿದ್ದರೆ ಬೇರೆ ದಾರಿ ಹಿಡಿಯುತ್ತದೆ, ಇಲ್ಲವೆ ಸರದಿ ಕಾಯುತ್ತದೆ. ಆದರೆ ಪಕ್ಕದವನು ಮುಚ್ಚಿಕೊಂಡರೆ ತೆರೆದವನಿಗೇ ನಷ್ಟ. ಅದಕ್ಕೇ ಒಬ್ಬೊಬ್ಬರಾಗಿ ಎಲ್ಲರೂ ಮುಚ್ಚಿದ್ದರು.

ಗೌಡರೂ ನಾನೂ ಮುಕ್ತಾಳನ್ನು ಎತ್ತಿಕೊಂಡು ಮನೆಮನೆಗೆ ಹೋದೆವು. ಎಲ್ಲ ಕಡೆಯೂ ಒಂದೇ ಮಾತು: "ಮೊದಲ ಅವರು ತೆರೀಲಿ, ಆಮೇಲೆ ನೋಡೋಣ." ಗೌಡರು ವಾದಕ್ಕೆ ಇಳಿಯಲಿಲ್ಲ. ಕೂಸಿನ ಬೆರಳಿನ ಬಟ್ಟೆ ತೋರಿಸಿ, "ಈ ಚೀರಾಟ ನನಗ ಮ್ಯಾಲೆ ಕೇಳ್ತು, ಹಡದಾಕಿಗೆ ಕೇಳಲಿಲ್ಲ. ಎಲ್ಲಾರೂ ಕೂಡೇ ತೆರದ್ರ ಯಾರಿಗೂ ಲುಕ್ಸಾನಿಲ್ಲ," ಎನ್ನುತ್ತಿದ್ದರು. ಕೆಲವರು ಬಾಗಿಲು ಹಾಕಿಕೊಂಡರು. ಮತ್ತೆ ಹೋದೆವು. ಕಡೆಗೆ ಎಲ್ಲರೂ ಒಪ್ಪಿ, ಗುಡ್ಡದಲ್ಲಿ ಯಾರೂ ಕಂಬ ಹತ್ತದ ಒಂದು ರಜೆಯ ದಿನವನ್ನು ಗೊತ್ತುಮಾಡಿದರು.

ಆ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನೆರೆಗಿವಿ ತೆರೆದರು. ಗೂಡುಗಳೆಲ್ಲ ಮಾತು ನಿಲ್ಲಿಸಿ ಒಂದನ್ನೊಂದು ಆಲಿಸತೊಡಗಿದಾಗ ನನ್ನ ಕಿವಿ ಪೂರ್ತಿ ಬರಿದಾಯಿತು. ಹೆದರಿ ಮುಕ್ತಾಳ ಕೈ ಹಿಡಿದೆ. ಮೊದಲು ಬಂದದ್ದು ನೀರು ಕುದಿಯುವ ಸದ್ದು. ಆಮೇಲೆ, ಒಂದಕ್ಷರವೂ ಒಡೆಯದೆ, "ಅವ್ವಾ, ಕೈ ಬಿಡ. ನೋಯತೈತಿ." ಅಷ್ಟುದ್ದದ ಮಾತು ಅವಳಿಗೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಕೈ ಬಿಟ್ಟೆ. ನಕ್ಕೆನೋ ಅತ್ತೆನೋ ನೆನಪಿಲ್ಲ. ಮೇಲಿನಿಂದ ಗೌಡರು ಕೂಗುತ್ತಿದ್ದರು: "ನಿಂತತ್ರೆವ್ವಾ! ನಿಲ್ಲು ಅಂದ ಕೂಡ್ಲೆ ನಿಂತತ್ರಿ!" ಅದೂ ಕೇಳಿಸಿತು.

ಈ ಗುಣ ಎಲ್ಲಿಂದ ಬಂತೆಂದು ಆಮೇಲೆ ವಿಚಾರಿಸಿದೆ. ತೀರ ಹಳೆಯದು ಎಂದರು. ಮನೆಮನೆಗೂ ಸಣ್ಣ ಟವರುಗಳು ಬರತೊಡಗಿದ ನಿಮ್ಮ ಕಾಲದಲ್ಲೇ ಯಾರೋ ಕುಳಿತು ಲೆಕ್ಕ ಹಾಕಿ, ನಮ್ಮ ಮನೆಯ ಪೆಟ್ಟಿಗೆ ನೆರೆಮನೆಯ ಮಾತನ್ನು ಕೆಡಿಸಬಾರದು ಎಂದು ಅದಕ್ಕೆ ಕೇಳುವುದನ್ನು ಕಲಿಸಿದರಂತೆ. ಅವರ ಕಣ್ಣ ಮುಂದೆ ನಾನಿರಲಿಲ್ಲ, ನನ್ನ ಕಿವಿಮಣಿಯಿರಲಿಲ್ಲ, ಈ ಓಣಿಯೂ ಇರಲಿಲ್ಲ. ಆದರೂ ಗೋಡೆಯಾಚೆ ಒಬ್ಬರಿದ್ದಾರೆ ಎಂಬುದನ್ನು ಅವರು ಮರೆಯಲಿಲ್ಲ. ಅವರು ನಿಮ್ಮ ಬೀದಿಯಲ್ಲೇ ಇರಬಹುದು. ಸಿಕ್ಕರೆ ಕೂರಿಸಿ ಚಹಾ ಕೊಡಿ, ರಾಚವ್ವ ಕೈಮುಗಿದಳೆಂದು ಹೇಳಿ.

ಇನ್ನೂ ಬರೆಯಬೇಕೆಂದಿದ್ದೆ. ಹೊರಗಿನ ಕೋಣೆಯಿಂದ ಮುಕ್ತಾ ಕರೆಯುತ್ತಿದ್ದಾಳೆ. ಬರುತ್ತೇನೆ.