ಒಳಗೆ ಬಂದ ರಬಾಬು

ಚಿತ್ತಾಪುರ
೧೨ ಜನವರಿ ೧೯೫೦

ಉಸ್ತಾದ ದಸ್ತಗೀರ ಸಾಹೇಬರಿಗೆ ಶಿಷ್ಯೆ ಗುರುದೇವಿಯ ಶರಣಾರ್ಥಿ.

ಹೈದರಾಬಾದಿನಿಂದ ನೀವು ಬರೆದ ಕಾಗದ ತಲುಪಿತು. ಪೊಲೀಸ್ ಕಾರ್ಯಾಚರಣೆಯ ಗಲಾಟೆಯ ವರ್ಷ ನಮ್ಮಲ್ಲಿ ಬಿಟ್ಟುಹೋದ ನಿಮ್ಮ ರಬಾಬು ವಾದ್ಯವನ್ನು ಮಾರಿಬಿಡು ಎಂದಿದ್ದೀರಿ. ನಾನು ಮಾರುವುದಿಲ್ಲ.

ರಬಾಬಿಗೆ ಕಟ್ಟುವ ಕುರಿಯ ಕರುಳಿನ ತಂತಿ ಲಿಂಗವಂತರ ಹೊಸ್ತಿಲು ದಾಟಬಾರದೆಂದು ಅವ್ವ ನಿಮ್ಮನ್ನು ಕಟ್ಟೆಯ ಮೇಲೆಯೇ ಕೂರಿಸುತ್ತಿದ್ದಳು. ನಾನು ಬಾಗಿಲೊಳಗೆ ಸಿತಾರ ಹಿಡಿದು ಕಲಿತೆ. ನೀವು ಹೋದ ಮೇಲೂ ರಬಾಬನ್ನು ದನದ ಕೊಟ್ಟಿಗೆಯಲ್ಲೇ ಇಡಿಸಿದಳು. ಕಳೆದ ಮಳೆಗಾಲದಲ್ಲಿ ಇಲಿಗಳು ತಂತಿಗಳನ್ನೆಲ್ಲ ತಿಂದು ಹಾಕಿದವು.

ಅವತ್ತೇ ಅದನ್ನು ಪಡಸಾಲೆಗೆ ತಂದು, ನಿಮ್ಮ ಡಬ್ಬಿಯಲ್ಲಿದ್ದ ಹೊಸ ತಂತಿಗಳನ್ನು ನಾನೇ ಕಟ್ಟಿದೆ. ಒಂದನ್ನು ಒಮ್ಮೆಲೇ ಬಿಗಿದು ಹರಿದೆ. ಉಳಿದವನ್ನು ನಿಮ್ಮಂತೆ ದಿನಕ್ಕಿಷ್ಟು ಬಿಗಿದು ಸುರಕ್ಕೆ ತಂದಿದ್ದೇನೆ. ಅವ್ವ ನನ್ನೊಡನೆ ಮಾತು ಬಿಟ್ಟಳು. ನಿನ್ನೆ ನಾನು ಬಾರಿಸುವಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಸಾಹೇಬರು ಬಾರಿಸಿದಂಗೇ ಅದ ನೋಡು," ಎಂದಳು.

ಒಂದು ತಂತಿ ಕಡಿಮೆ ಇದೆ. ಇಲ್ಲಿ ಸಿಗುವುದಿಲ್ಲ, ಬರುವಾಗ ತನ್ನಿರಿ. ಎಲ್ಲಿ ಕೂರುವುದೆಂಬ ಚಿಂತೆ ಬೇಡ. ಅವ್ವನ ಮಾತನ್ನೇ ಬರೆಯುತ್ತೇನೆ: "ರಬಾಬೇ ಒಳಗ ಬಂದದ. ಉಸ್ತಾದರು ಯಾಕ ಹೊರಗ ಕುಂದರಬೇಕು?"

ನಿಮ್ಮ
ಗುರುದೇವಿ