ನೇರ ಕತ್ತಿಯ ಬಾಗು

ಯೊಕೊತಾ
ನವೆಂಬರ್ 9, 1978

ನೊರಿಮಿಚಿಯ ಅಪ್ಪನಿಗೆ ಹತ್ಸುನೊಳ ನಮಸ್ಕಾರಗಳು.

ಹೇಗಿದ್ದೀರಿ? ಗಂಜಿ ಸಪ್ಪೆ ಎಂದು ಬಟ್ಟಲು ತಳ್ಳುತ್ತೀರೆಂದು ದಾದಿ ಫೋನಿನಲ್ಲಿ ದೂರಿದಳು. ಉಮೆ ಉಪ್ಪಿನಕಾಯಿ ಕಳಿಸೋಣವೆಂದರೆ ಡಾಕ್ಟರು ಉಪ್ಪನ್ನೇ ಮುಟ್ಟಬಾರದು ಎಂದಿದ್ದಾರೆ. ಬಲಗೈಗೆ ದಿನಾ ಶಾಖ ಕೊಡುತ್ತಿದ್ದಾರೆ ತಾನೆ? ನಾನು ಚೆನ್ನಾಗಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ. ನೀವು ಕುಲುಮೆಯ ಮುಂದೆ ಕುಸಿದ ದಿನದಿಂದ ನನಗೆ ಅಳುವೂ ಬಂದಿಲ್ಲ, ಹೆದರಿಕೆಯೂ ಆಗಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗಿದೆ ಒಳಗೆಲ್ಲ. ಊರವರು ಗಟ್ಟಿಗಿತ್ತಿ ಎನ್ನುತ್ತಾರೆ. ಅನ್ನಲಿ ಬಿಡಿ.

ಗುಡ್ಡದ ದೇಗುಲಕ್ಕೆಂದು ಒಪ್ಪಿಕೊಂಡ ನೇರ ಕತ್ತಿಯನ್ನು ನೀವು ಬಡಿದು ಉದ್ದ ಎಳೆದು ಬಿಟ್ಟು ಹೋಗಿದ್ದಿರಲ್ಲ, ಮೊನ್ನೆ ನೊರಿಮಿಚಿ ಅದಕ್ಕೆ ಹದ ಹಾಕಿದ. ಬೆನ್ನಿಗೆ ದಪ್ಪ, ಕೊಯ್ಯುವ ಬಾಯಿಗೆ ತೆಳ್ಳಗೆ ಮಣ್ಣು ಬಳಿದು ಒಣಗಿಸಿದ್ದ. ಕಾದ ಅಲಗು ನೀರಿಗೆ ಬಿದ್ದಾಗ ಬೆನ್ನಿನ ಕಡೆಗೆ ಸೆಟೆದುಕೊಳ್ಳುತ್ತದೆ, ಅದಕ್ಕೇ ಮೊದಲೇ ಬಾಯಿಯ ಕಡೆಗೆ ಬಗ್ಗಿಸಿಡಬೇಕು, ಆಗಲೇ ನೀರು ಅದನ್ನು ನೆಟ್ಟಗೆ ಮಾಡುವುದು ಎಂದು ನೀವು ಸಾವಿರ ಸಲ ಹೇಳಿದ್ದೀರಿ. ಎಷ್ಟು ಬಗ್ಗಿಸಬೇಕೆಂದು ಮಾತ್ರ ಒಂದು ಸಲವೂ ಹೇಳಲಿಲ್ಲ. ಅವನು ಕೇಳಿದರೆ "ಕೈಗೆ ಗೊತ್ತು ಕಣೋ" ಎನ್ನುತ್ತಿದ್ದಿರಿ. ಆ ಕೈಯನ್ನು ಹೊತ್ತುಕೊಂಡು ನೀವು ಮಾತ್ಸುಎ ಆಸ್ಪತ್ರೆ ಸೇರಿದಿರಿ.

ಮಣ್ಣು ಬಳಿಯುವ ಮೊದಲು, ಅವನು ಬಗ್ಗಿಸಿದ ಅಲಗನ್ನು ಬೆಳಕಿಗೆ ಹಿಡಿದು ನೋಡಲು ಜಗಲಿಗೆ ತಂದಾಗ, ಇದ್ದಿಲು ಹಾಕುವ ತೊಮೆಕಿಚಿ ಅಜ್ಜ ಅಲ್ಲೇ ಚಹಾ ಕುಡಿಯುತ್ತಿದ್ದ. ಅವನ ಬಾಯಿ ನಿಮಗೆ ಗೊತ್ತೇ ಇದೆ. "ಏನಪ್ಪಾ ಇದು, ದೇವರಿಗೆ ಕುಡುಗೋಲಾ? ಭತ್ತ ಕೊಯ್ಯೋಕೆ ಹೋಗ್ತಾನಾ ಅವನು?" ಎಂದು ನಕ್ಕ. ಹುಡುಗನ ಮುಖ ಇಷ್ಟಾಯಿತು. "ಅಮ್ಮಾ, ಅಪ್ಪ ಇಷ್ಟು ಬಗ್ಗಿಸ್ತಿದ್ರಾ?" ಎಂದು ನನ್ನನ್ನು ಕೇಳಿದ. ನಮ್ಮ ಕುಲುಮೆ ಕಾಯುವ ದೇವಿಗೆ ಹೆಂಗಸರನ್ನು ಕಂಡರಾಗದು. ಅದರ ಹೊಸಿಲು ದಾಟದವಳು ನಾನೇನು ಹೇಳಲಿ? "ನಂಗೇನ್ ಗೊತ್ತೋ, ನಿನ್ನ ಕೈಯನ್ನೇ ಕೇಳು" ಎಂದೆ. ಅಲಗಿನ ಬೆನ್ನ ಮೇಲೆ ಹೆಬ್ಬೆರಳು ಎಳೆದು ನೋಡಿದ. ಆಮೇಲೆ ಕಡಿಮೆ ಮಾಡುತ್ತಾನೆಂದುಕೊಂಡರೆ, ಒಳಗೆ ಹೋಗಿ ಇನ್ನೂ ಒಂದು ಎಳ್ಳಿನಷ್ಟು ಬಗ್ಗಿಸಿದ.

ಕಬ್ಬಿಣ ಕಾದ ಬಣ್ಣ ಕಾಣಲೆಂದು ಕಿಟಕಿಗಳಿಗೆಲ್ಲ ಹಲಗೆ ಮುಚ್ಚಿದ. ನಾನು ಹೊರಗೆ ಕೂತು ಒಣಗಿಸಲು ಕಾಕಿ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದೆ. ನೀರು ಕಿರುಚಿತು. ಬಿರುಕು ಬಿಟ್ಟರೆ ಟಿಣ್ ಎನ್ನಬೇಕಲ್ಲ, ಕಿವಿ ಕೊಟ್ಟು ಕೂತೆ. ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಬಂದು ಬೆನ್ನಿಗೆ ದಾರ ಹಿಡಿದು ತೋರಿಸಿದ. ನಡುವೆ ಒಂದು ಕೂದಲು ತೂರಿಸಲೂ ಜಾಗವಿರಲಿಲ್ಲ. ತೊಮೆಕಿಚಿ ಅಜ್ಜನೇ ಟೋಪಿ ತೆಗೆದ. ನಾನು ಹಿಗ್ಗಬೇಕಿತ್ತು. "ಒಳ್ಳೇದಾಯ್ತು" ಎಂದು ಮುಂದಿನ ಹಣ್ಣಿಗೆ ಕೈ ಹಾಕಿದೆ.

ಈಗ ಹಿಡಿಯೊಳಗೆ ಹೋಗುವ ಭಾಗದಲ್ಲಿ ಹೆಸರು ಕೆತ್ತಬೇಕು. ನಿಮ್ಮದೇ ಕೆತ್ತುತ್ತೇನೆ ಎಂದು ಹಟ ಹಿಡಿದಿದ್ದಾನೆ. "ಒಪ್ಪಿಕೊಂಡಿದ್ದು ಅಪ್ಪ. ಶಿಷ್ಯ ಮಾಡಿದ್ರೂ ಗುರು ಹೆಸರು ಹಾಕೋದು ಮೊದಲಿಂದ ಬಂದಿದ್ದೇ. ಅಪ್ಪ ವಾಪಸ್ ಬರಲಿ, ನನ್ನ ಹೆಸರಿಗೇನು ಅವಸರ?" ಎನ್ನುತ್ತಾನೆ. ನಿಮ್ಮನ್ನು ಕೇಳಿ ಬರೆಯಲು ಹೇಳಿದ್ದಾನೆ.

ಚಳಿ ಹೆಚ್ಚಿದೆ, ಕಾಲುಚೀಲ ಬಿಚ್ಚಬೇಡಿ. ದಾದಿಯ ಮೇಲೆ ರೇಗಬೇಡಿ, ಪಾಪ, ಅವಳೂ ಯಾರದೋ ಮಗಳು. ಅರ್ಚಕರು ನಿಮ್ಮನ್ನು ವಿಚಾರಿಸಿದರು.

ನಿಮ್ಮ
ಹತ್ಸುನೊ

ಇನ್ನೊಂದು ಮಾತು: ಇದನ್ನು ಮರುದಿನ ಬೆಳಿಗ್ಗೆ ಬರೆಯುತ್ತಿದ್ದೇನೆ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಹೋದ ಸಲ ನಾನು ಬಂದಾಗ ಡಾಕ್ಟರು ಹೊರಗೆ ಕರೆದು ಹೇಳಿದರು, ನಿಮ್ಮ ಬಲಗೈ ಇನ್ನು ಸುತ್ತಿಗೆ ಎತ್ತುವುದಿಲ್ಲವಂತೆ. ನಿಮ್ಮೆದುರು ಕೂತು ಹೇಳಲು ನಾಲಿಗೆ ಏಳಲಿಲ್ಲ. ಈಗಷ್ಟೇ ನೊರಿಮಿಚಿಗೂ ಹೇಳಿ, ನಿನ್ನ ಹೆಸರನ್ನೇ ಕೆತ್ತು ಎಂದೆ. ಅಳುತ್ತಲೇ ಕೆತ್ತುತ್ತಿದ್ದಾನೆ, ಉಳಿಯ ಸದ್ದು ಇಲ್ಲಿಗೆ ಕೇಳುತ್ತಿದೆ. ಈ ಕಾಗದ ನಿಮಗೆ ಮುಟ್ಟುವ ಹೊತ್ತಿಗೆ ಮುಗಿದಿರುತ್ತದೆ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ, ಎಡಗೈಯಲ್ಲಿ ಬರೆದು.