ಬೀರು ಕೂತಿದ್ದ ಗುರುತು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ನಿನ್ನ ಪತ್ರ ಸಿಕ್ಕಿತು. ಮಲಗುವ ಕೋಣೆಗೆ ಹೋಗಿದ್ದ ಬೀರು ಮತ್ತೆ ನಡುಮನೆಗೇ ವಾಪಸು ಬಂತು ಎಂದು ಓದಿ ಹಣೆ ಚಚ್ಚಿಕೊಂಡೆ. ಕುರ್ಚಿ ಇದ್ದ ಜಾಗದಲ್ಲಿ ಕೂರಲು ಹೋಗಿ ಅಪ್ಪ ನೆಲಕ್ಕೆ ಧೊಪ್ಪೆಂದು ಕೂತರಲ್ಲ, ಆಮೇಲಾದರೂ ನಿನ್ನ ಕೈ ಸುಮ್ಮನಿರಬಾರದೇ? ಸದ್ಯ, ಸಾಮಾನು ಎತ್ತಿಡುವ ಆ ಚಾಳಿ ನನಗೆ ಬಂದಿಲ್ಲ. ನಾನು ಅಪ್ಪನ ಮಗಳು, ಇಟ್ಟ ವಸ್ತು ಇಟ್ಟಲ್ಲೇ ಇರಬೇಕು. ಆದರೂ ಈ ಸಲ ನಿನ್ನ ಬೀರುವಿಗೆ ಕೈ ಮುಗಿಯುತ್ತೇನೆ. ನನ್ನ ಕೆಲಸ ಉಳಿಸಿದ್ದೇ ಅದು. ಒಲೆ ಆರಿಸಿ ಬಂದು ಕೂತು ಓದು.

ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, “ಬೂಷ್ಟು ಬೆಳೆಸ್ತಾಳೆ. ಮನೇಲಿ ಬ್ರೆಡ್ಡಿಗೆ ಬಂದ್ರೆ ನಾನು ಎಸೀತೀನಿ, ಅಲ್ಲಿ ಅದಕ್ಕೆ ಸಂಬಳ ಕೊಡ್ತಾರೆ” ಎನ್ನುತ್ತೀಯಂತೆ. ಅಪ್ಪ ಹೇಳಿದರು. ತಪ್ಪೇನಿಲ್ಲ ಬಿಡು. ಕಪ್ಪಗಿರಬೇಕಾದ ಒಂದು ಬೂಷ್ಟು ನನ್ನ ಹತ್ತಿರ ಬೆಳ್ಳಗೆ ಬೆಳೆಯುತ್ತದೆ. ಅದರ ಬಣ್ಣದ ಜೀನಿನ ನಟ್ಟನಡುವೆ ಎಲ್ಲಿಂದಲೋ ಬಂದ ಡಿಎನ್‌ಎ ತುಂಡೊಂದು ಕೂತು ಅದರ ಕೆಲಸ ಕೆಡಿಸಿದೆ. ನೀನು ಬಾಗಿಲಿಗೆ ಅಡ್ಡವಾಗಿ ಬೀರು ಇಟ್ಟ ಹಾಗೆ. ಶಿಲೀಂಧ್ರಗಳಲ್ಲಿ ಇಂಥ ತುಂಡುಗಳು ಬೇಕಾದಷ್ಟಿವೆ, ಒಂದು ಕಡೆ ನಿಲ್ಲುವ ಜಾಯಮಾನದವಲ್ಲ. ತಮ್ಮನ್ನು ತಾವೇ ಕತ್ತರಿಸಿಕೊಂಡು ಎದ್ದು ಇನ್ನೆಲ್ಲೋ ಹೋಗಿ ಕೂರುತ್ತವೆ. ನನ್ನದು ಯಾವಾಗ ಎದ್ದೀತು ಎಂದು ನೋಡುವುದೇ ನನ್ನ ಕೆಲಸ. ಆ ಸೋಮಾರಿ ಅಲ್ಲಾಡುತ್ತಲೇ ಇರಲಿಲ್ಲ. ಕಾದೂ ಕಾದೂ ಸಾಕಾಗಿ ಹೋಗಿತ್ತು.

ಎರಡು ವಾರದ ಹಿಂದೆ ಒಂದು ಬೆಳಗ್ಗೆ ಬೂಷ್ಟು ಬೆಳೆಸುವ ಮುಚ್ಚಳದ ತಟ್ಟೆಗಳನ್ನು ತೆಗೆದು ನೋಡುತ್ತೇನೆ, ಬಿಳಿ ಬೂಷ್ಟಿನ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ! ತುಂಡು ಎದ್ದು ಹೋಯಿತು, ಬಣ್ಣ ವಾಪಸು ಬಂತು ಎಂದು ಕುಣಿಯುತ್ತ ಮೇಡಂ ಹತ್ತಿರ ಓಡಿದೆ. ಮೇಡಂ ಎಂದರೆ ನಮ್ಮ ಪ್ರಯೋಗಾಲಯದ ಯಜಮಾನಿ. ಅವರು ಕನ್ನಡಕದ ಮೇಲಿಂದ ನೋಡಿದರೆ ಬೂಷ್ಟೂ ಬೆಳೆಯುವುದನ್ನು ನಿಲ್ಲಿಸುತ್ತದೆ. ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, ಹೆಸರು ಎಲ್ಲಿ ಬರೆದಿದ್ದೀಯ ಎಂದು ಕೇಳಿದರು. ಮುಚ್ಚಳದ ಮೇಲೆ ಎಂದೆ.

ಸಿಕ್ಕಿಬಿದ್ದೆ ನೋಡು. ಮುಚ್ಚಳ ಅದಲುಬದಲಾಗುತ್ತದೆ, ತಳದ ಮೇಲೆ ಬರೆಯಿರಿ ಎಂದು ಇಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ನಾನು ಮಾತ್ರ ನಿನ್ನ ಅಡುಗೆಮನೆ ಡಬ್ಬಿಗಳ ಅಭ್ಯಾಸ ಬಿಡಲಿಲ್ಲ. ಸಕ್ಕರೆ ಮುಚ್ಚಳ ಉಪ್ಪಿನ ಡಬ್ಬಿಗೆ ಹೋಗಿ ಅಪ್ಪ ಉಪ್ಪುಹಾಲು ಕುಡಿದದ್ದು ನೆನಪಿದೆಯಾ? ಮೇಡಂ ಹೇಳಿದ್ದೂ ಅದೇ ಕಥೆ. “ಪಕ್ಕದ ಮೇಜಿನವಳ ಮುಚ್ಚಳ ಹಾಕಿದೀಯ ಕಣಮ್ಮ. ಅವಳ ಕರಿ ಬೂಷ್ಟಿನ ಪುಡಿ ಇದರ ಮೇಲೆ ಉದುರಿದೆ, ಅಷ್ಟೇ.” ಮುಂದಿನ ವಾರದ ಸಭೆಯೊಳಗೆ ಆ ಚುಕ್ಕೆ ನನ್ನದೇ ಎಂದು ತೋರಿಸದಿದ್ದರೆ ತಟ್ಟೆಗಳು ಕಸಕ್ಕೆ, ಕೆಲಸ ಬೇರೆಯವರಿಗೆ, ನನಗೆ ಮನೆಯ ದಾರಿ ಎಂದರು. ಬಿಕ್ಕಿ ಬಿಕ್ಕಿ ಅತ್ತೆ ಅಮ್ಮ. ಅವತ್ತು ಫೋನಿನಲ್ಲಿ ನೆಗಡಿ ಎಂದೆನಲ್ಲ, ಅದು ನೆಗಡಿಯಲ್ಲ.

ನೀನು ಪಾಪ ಬಿಸಿನೀರು ಕುಡಿ ಎಂದು ಹೇಳಿ ನಿನ್ನ ಗೋಳು ತೆಗೆದೆ. “ಬೀರು ಎತ್ತಿಟ್ಟೆ ಕಣೇ, ಅದರ ಕಾಲಿನ ಗುರುತು ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ!” ಫೋನ್ ಇಟ್ಟು ಮೂಗು ಒರೆಸಿಕೊಳ್ಳುತ್ತಿದ್ದವಳಿಗೆ ತಟ್ಟನೆ ಹೊಳೆಯಿತು. ನನ್ನ ತುಂಡೂ ಎದ್ದು ಹೋಗುವಾಗ ಕೂತಿದ್ದ ಜಾಗದಲ್ಲಿ ಗುರುತು ಬಿಟ್ಟಿರುತ್ತದೆ, ಡಿಎನ್‌ಎಯ ಎರಡು ಮೂರು ಅಕ್ಷರ ಹೆಚ್ಚಿಗೆ. ಓದಿದ್ದೆ, ಗಾಬರಿಯಲ್ಲಿ ಮರೆತೇಬಿಟ್ಟಿದ್ದೆ. ಪಕ್ಕದವಳ ಬೂಷ್ಟಿನ ಬಣ್ಣದ ಜೀನಿನಲ್ಲಿ ಆ ತುಂಡು ಯಾವತ್ತೂ ಕೂತೇ ಇಲ್ಲ. ಅದರಲ್ಲಿ ಗುರುತು ಎಲ್ಲಿಂದ ಬರಬೇಕು?

ಕಪ್ಪು ಚುಕ್ಕೆಯಿಂದ ಚೂರು ತೆಗೆದು ಆ ಜೀನನ್ನು ಅಕ್ಷರ ಅಕ್ಷರವಾಗಿ ಓದಿಸಲು ಕಳಿಸಿದೆ. ಫಲಿತಾಂಶ ಬಂದದ್ದು ಮೊನ್ನೆ, ಸಭೆ ಶುರುವಾಗುವ ಹೊತ್ತಿಗೆ. ನೋಡಲೂ ಧೈರ್ಯವಿಲ್ಲದೆ ಹಾಗೇ ಪರದೆಗೆ ಹಾಕಿದೆ. ಬಣ್ಣದ ಜೀನು ಪೂರ್ತಿ ಸರಿಹೋಗಿತ್ತು. ತುಂಡು ಕೂತಿದ್ದ ಕಡೆ ಮಾತ್ರ ಮೂರು ಅಕ್ಷರ ಹೆಚ್ಚಿಗೆ! ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. “ನಿಂದೇ ಕಣೇ ಹುಡುಗಿ ಇದು” ಎಂದರು. ಇನ್ನೊಂದು ಸಲ ಮುಚ್ಚಳದ ಮೇಲೆ ಬರೆದರೆ ಪೆನ್ನು ಕಿತ್ತುಕೊಳ್ಳುತ್ತೇನೆ ಎಂದೂ ಸೇರಿಸಿದರು. ಹೇಗೆ ಹೊಳೆಯಿತು ಎಂದು ಕೇಳಿದಾಗ ನಿನ್ನ ವಿಷಯ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಗ ಆ ತುಂಡಿಗೆ ಇಲ್ಲಿ ‘ಬೀರು’ ಎಂದೇ ಹೆಸರು. ನನ್ನ ಕೆಲಸ ಉಳಿಯಿತು ಅಮ್ಮ, ಎಷ್ಟು ಖುಷಿಯಾಗಿದೆ ಅಂತ ಹೇಳಲಾರೆ.

ಒಂದೇ ಒಂದು ಒಗಟು ಉಳಿದಿದೆ. ಇಷ್ಟು ದಿನ ಜಪ್ಪಯ್ಯ ಎಂದರೂ ಏಳದ ತುಂಡು ಈಗ ಯಾಕೆ ಎದ್ದಿತು? ಬಿಸಿ ತಾಗಿದರೆ ಏಳುವುದುಂಟು, ಆದರೆ ಬೂಷ್ಟು ಬೆಳೆಸುವ ಪೆಟ್ಟಿಗೆಯ ಕಾವು ಯಾರೂ ಬದಲಾಯಿಸಿಲ್ಲ ಎಂದು ಮೇಡಂ ತಲೆ ಕೆರೆದುಕೊಂಡರು. ಎಲ್ಲರೂ ಕೆರೆದುಕೊಂಡರು. ನಾನೂ ಕೆರೆದುಕೊಂಡೆ.

ಅಪ್ಪನಿಗೆ ಕೂರುವ ಮುಂಚೆ ಕುರ್ಚಿ ಮುಟ್ಟಿ ನೋಡಿಕೊಳ್ಳಲು ಹೇಳು.

ನಿನ್ನ ಚೂಟಿ

ಮರೆತಿದ್ದು: ಇದನ್ನು ಅಪ್ಪನಿಗೆ ಓದಿ ಹೇಳಬೇಡ. ಚುಕ್ಕೆ ಕಾಣುವುದಕ್ಕೆ ಮುಂಚಿನ ಭಾನುವಾರ ಪ್ರಯೋಗಾಲಯದಲ್ಲಿ ನಾನೊಬ್ಬಳೇ ಇದ್ದೆ. ಪೆಟ್ಟಿಗೆಯೊಳಗೆ ತಟ್ಟೆಗಳು ಇದ್ದ ರೀತಿ ಯಾಕೋ ಕಣ್ಣಿಗೆ ಹಿಡಿಸಲಿಲ್ಲ. ಮೇಲಿನದನ್ನು ಕೆಳಗಿಟ್ಟೆ, ಕೆಳಗಿನದನ್ನು ಮೇಲಿಟ್ಟೆ, ನನ್ನವು ಹೀಟರಿಗೆ ಅಂಟಿಕೊಂಡ ಮೂಲೆಗೆ ಹೋದವು. ಎಷ್ಟು ಚೆನ್ನಾಗಿ ಕಾಣಿಸ್ತಿತ್ತು ಗೊತ್ತಾ! ನಾಳೆ ಮೇಡಂಗೆ ಹೇಳಲೇಬೇಕು. ನಾನು ನಿನ್ನ ಮಗಳೇ ಕಣಮ್ಮ.